ತುಂಬಿದ ಕೋವಿ

ಕಪಿಲಾ ನದಿ ಹರಿಯುವ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಬತ್ತ, ಕಬ್ಬು, ಬಾಳೆಗಳು ಹುಲುಸಾಗಿ ಬೆಳೆಯುವುವೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಬೆಳೆಯನ್ನರಸಿ ಕಾಡುಹಂದಿಗಳು ಬರುವುದೂ, ಅವನ್ನಟ್ಟಲು ರೈತನು ಇರುಳಿನಲ್ಲಿ ಕೋವಿ ಹಿಡಿದು ಹೊಲಕ್ಕೆ ನಡೆಯುವುದೂ ಹೊಸದಲ್ಲ. 2022ರ ಅಕ್ಟೋಬರಿನಿಂದ 2023ರ ಜನವರಿಯವರೆಗೆ ನರಸೀಪುರ ತಾಲ್ಲೂಕಿನಲ್ಲಿ ಚಿರತೆಗಳು ನಾಲ್ವರನ್ನು ಕೊಂದುವು. ಅವರಲ್ಲೊಬ್ಬಳು ಕಾಲೇಜು ವಿದ್ಯಾರ್ಥಿನಿ, ಮತ್ತೊಬ್ಬ ಹನ್ನೊಂದು ವರ್ಷದ ಬಾಲಕ. ಇಂತಹ ದಿನಗಳಲ್ಲಿ ಕೋವಿಯುಳ್ಳವನಿಗೆ ಒಂದು ಪ್ರಶ್ನೆ ಏಳುವುದು ಸಹಜ: ಕೋವಿಯನ್ನು ಸಿಡಿಯಲು ಸಿದ್ಧವಾಗಿಯೇ ಒಯ್ಯಬೇಕೆ, ಬರಿದಾಗಿ ಒಯ್ದು ಬೇಕಾದಾಗ ಸಿದ್ಧಪಡಿಸಬೇಕೆ?

ಪಿಸ್ತೂಲನ್ನು ಉಡುಪಿನ ಮರೆಯಲ್ಲಿಟ್ಟುಕೊಂಡು ತಿರುಗುವವರು ಬಹಳವಾಗಿರುವ ಅಮೆರಿಕದಲ್ಲಿ ಈ ಪ್ರಶ್ನೆ ದೊಡ್ಡ ವಾದಕ್ಕೆ ವಿಷಯವಾಗಿದೆ. ಮೊದಲು ಅದನ್ನೇ ನೋಡೋಣ. ಪಿಸ್ತೂಲಿನ ಹಿಡಿಯೊಳಗಿನ ಮ್ಯಾಗಜೀನಿನಲ್ಲಿ ತೋಟಾಗಳು ಒಂದರ ಮೇಲೊಂದು ಕುಳಿತಿರುತ್ತವೆ. ಹಾರಬೇಕಾದ ತೋಟಾ ಮಾತ್ರ ನಳಿಗೆಯ ಹಿಂಬದಿಯ ಕುಳಿಯಲ್ಲಿರಬೇಕು. ಈ ಕುಳಿಯೇ ಚೇಂಬರ್. ಅದು ಬರಿದಾಗಿದ್ದರೆ ಪಿಸ್ತೂಲಿನ ಮೇಲ್ಭಾಗವನ್ನು ಇನ್ನೊಂದು ಕೈಯಿಂದ ಹಿಂದಕ್ಕೆಳೆದು ಬಿಡಬೇಕು. ಇದಕ್ಕೆ ಸುಮಾರು ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡು ಹಿಡಿಯುತ್ತದೆ; ಎರಡು ಕೈಗಳೂ ಬಿಡುವಾಗಿರಬೇಕು. ಡೆನಿಸ್ ಟ್ಯೂಲರ್ ಎಂಬ ಪೊಲೀಸ್ ಅಧಿಕಾರಿಯು 1983ರಲ್ಲಿ ಬರೆದ ಲೇಖನವೊಂದರಲ್ಲಿ, ಚೂರಿ ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಬರಬಲ್ಲನೆಂದು ತೋರಿಸಿಕೊಟ್ಟನು. ತುಂಬಿಯೇ ಒಯ್ಯಬೇಕೆನ್ನುವವರ ವಾದಕ್ಕೆ ಇದು ಬಲವಾದ ಆಧಾರ. ಹಾಸ್ಯ ಮಾಡಿ ತಳ್ಳಿಹಾಕುವಂತಹದಲ್ಲ.

ಎದುರು ಪಕ್ಷದ ಭಯವೆಂದರೆ ತಾನಾಗಿ ಸಿಡಿಯುವುದು. ಓಡುವ ಬಸ್ಸು ಥಟ್ಟನೆ ನಿಂತಾಗ ನಿಂತಿದ್ದ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವರಷ್ಟೆ. ಅದು ಜಡತ್ವದ ಫಲ. ಪಿಸ್ತೂಲು ಮೂತಿ ಕೆಳಗಾಗಿ ಕಲ್ಲಿನ ಮೇಲೆ ಬಿದ್ದರೆ ಅದರ ಮೈ ನಿಲ್ಲುತ್ತದೆ, ಒಳಗಿನ ಸಿಡಿಸುವ ಮೊಳೆ ಮಾತ್ರ ಮುಂದುವರಿದು ತೋಟಾದ ಬೆನ್ನಿಗೆ ತಗಲಬಹುದು. ಅಲ್ಲಿರುವ ಸಿಡಿಮದ್ದಿಗೆ ಒಂದು ಜೂಲ್ ಶಕ್ತಿಯ ಪೆಟ್ಟೇ ಧಾರಾಳ. 1873ರ ಕೋಲ್ಟ್ ರಿವಾಲ್ವರಿನಲ್ಲಿ ಆರು ಕುಳಿಗಳಿದ್ದರೂ ಎಚ್ಚರವುಳ್ಳವರು ಐದನ್ನೇ ತುಂಬಿ, ಕುದುರೆಯ ಕೆಳಗಿನ ಕುಳಿಯನ್ನು ಬರಿದಾಗಿಟ್ಟುದು ಇಂತಹ ಭಯದಿಂದಲೇ. ಇಂದಿನ ಬಹುಮಟ್ಟಿನ ಪಿಸ್ತೂಲುಗಳಲ್ಲಿ ಟ್ರಿಗರನ್ನು ಎಳೆಯುವವರೆಗೂ ಮೊಳೆಯನ್ನು ತಡೆದಿಡುವ ಅಡ್ಡಿಯೊಂದಿದೆ. ಆದುದರಿಂದ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿಯಾದ ಒರೆಯಿದ್ದು, ಒಡೆಯನು ಪಳಗಿದವನಾಗಿದ್ದರೆ ತುಂಬಿ ಒಯ್ಯುವುದು ಅವಿವೇಕವೆನ್ನಲಾಗದು. ಆದರೆ ಈ ಮೂರರಲ್ಲಿ ಯಾವೊಂದು ತಪ್ಪಿದರೂ ಆ ತೀರ್ಪು ನಿಲ್ಲುವುದಿಲ್ಲ.

ನಮ್ಮ ಹೊಲಗಳ ಸ್ಥಿತಿ ಬೇರೆ. 1959ರ ಆಯುಧ ಕಾಯಿದೆಯ 13ನೆಯ ಪ್ರಕರಣವು ಬೆಳೆ ರಕ್ಷಣೆಗೆಂದು ಹೆಸರಿಸುವುದು ಪಿಸ್ತೂಲನ್ನಲ್ಲ, ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. (ಆ ಪರವಾನಗಿ ಬೇಟೆಯ ಪರವಾನಗಿಯಲ್ಲವೆಂಬುದನ್ನು ಹಲವರು ಮರೆಯುತ್ತಾರೆ.) ಈ ಕೋವಿಯ ನಳಿಗೆಗೆ ಮದ್ದು ಸುರಿದು, ನಾರಿನ ಉಂಡೆಯನ್ನಿಟ್ಟು, ಚರೆ ಹಾಕಿ, ಗಜದಿಂದ ಜಡಿದು, ಕೊನೆಗೆ ಹಿಂಬದಿಯ ಮೊಲೆಯ ಮೇಲೆ ಕೇಪನ್ನು ಕೂರಿಸುತ್ತಾರೆ. ಕುದುರೆ ಬಡಿದಾಗ ಕೇಪು ಕಿಡಿಯಾಗಿ, ಕಿಡಿಯು ಮೊಲೆಯ ರಂಧ್ರದಿಂದ ಮದ್ದಿಗೆ ಮುಟ್ಟುತ್ತದೆ. ಪಿಸ್ತೂಲಿನಲ್ಲಿ ಕಂಡ ಅಡ್ಡಿಯಾಗಲಿ ಒರೆಯಾಗಲಿ ಇಲ್ಲಿಲ್ಲ. ಇಳಿದಿರುವ ಕುದುರೆ ಕೇಪಿನ ಮೇಲೆಯೇ ಒರಗಿರುತ್ತದೆ. ಅರ್ಧ ಎತ್ತಿ ನಿಲ್ಲಿಸಿದ ಕುದುರೆಗೆ ಆಧಾರವೆಂದರೆ ಬಹುಕಾಲ ಸವೆದ ಒಂದು ಕಚ್ಚು. ಮೂರೂವರೆ ಕಿಲೋಗ್ರಾಂ ತೂಕದ ಕೋವಿಯು ಒಂದು ಮೀಟರ್ ಎತ್ತರದಿಂದ ಜಾರಿದರೆ ನೆಲ ಮುಟ್ಟುವಾಗ ಅದರಲ್ಲಿ ಸುಮಾರು 34 ಜೂಲ್ ಚಲನಶಕ್ತಿಯಿರುತ್ತದೆ. ಅದರ ಅತ್ಯಲ್ಪ ಅಂಶವು ಕುದುರೆಯ ಮೂಲಕ ಹರಿದರೂ ಕೇಪು ಸಿಡಿಯಬಹುದು. ಕಾವಲಿನ ಅಟ್ಟಣೆಯನ್ನು ಮೊದಲು ಹತ್ತಿ, ಆಮೇಲೆ ಕೋವಿಯನ್ನು ಮೂತಿ ಹಿಡಿದು ತನ್ನತ್ತ ಎಳೆದುಕೊಳ್ಳುವ ಅಭ್ಯಾಸವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಕುದುರೆಗೆ ಒಂದು ರೆಂಬೆ ಸಿಕ್ಕಿಕೊಂಡರೆ ಸಾಕು.

ಹಾಗಾದರೆ ಕೋವಿಯನ್ನು ಪೂರ್ತಿ ಬರಿದಾಗಿ ಒಯ್ಯಬೇಕೆ? ಮದ್ದು ಜಡಿದು ಸಿದ್ಧಪಡಿಸಲು ಪಳಗಿದವನಿಗೂ ಅರ್ಧ ನಿಮಿಷದಷ್ಟು ಬೇಕು. ಕತ್ತಲಲ್ಲಿ ಇನ್ನೂ ಹೆಚ್ಚು. ಅಷ್ಟರಲ್ಲಿ ಹಂದಿಯ ಹಿಂಡು ಕಬ್ಬಿನ ಮರೆ ಸೇರಿರುತ್ತದೆ. ಆದರೆ ಪಿಸ್ತೂಲಿಗಿಲ್ಲದ ಒಂದು ಮಧ್ಯಮ ಸ್ಥಿತಿ ಈ ಕೋವಿಗಿದೆ: ನಳಿಗೆ ತುಂಬಿದೆ, ಕೇಪು ಮಾತ್ರ ಜೇಬಿನಲ್ಲಿದೆ. ಕೇಪು ಕೂರಿಸಲು ಮೂರು ನಾಲ್ಕು ಸೆಕೆಂಡು ಸಾಕು. ಅಮೆರಿಕದ ಹಲವು ರಾಜ್ಯಗಳ ಬೇಟೆಯ ನಿಯಮಗಳು ಕೇಪಿಲ್ಲದ ಇಂತಹ ಕೋವಿಯನ್ನು ತುಂಬದ ಕೋವಿಯೆಂದೇ ಎಣಿಸುತ್ತವೆ. ಬದುವಿನ ಮೇಲೆ ನಡೆಯುವಾಗ, ಬೇಲಿ ದಾಟುವಾಗ, ಮೋಟಾರ್ ಸೈಕಲಿನಲ್ಲಿ ಹೋಗುವಾಗ ಕೇಪು ಜೇಬಿನಲ್ಲಿಯೇ ಇರತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಚಿರತೆ ಎದುರಾದರೆ ಆ ಮೂರು ಸೆಕೆಂಡು ಎಲ್ಲಿಂದ ಬರಬೇಕೆಂದು ವಾಚಕರು ಕೇಳಬಹುದು. ಲೆಕ್ಕ ಹಾಕೋಣ. ಚಿರತೆಯ ವೇಗ ಗಂಟೆಗೆ ಸುಮಾರು 58 ಕಿಲೋಮೀಟರ್, ಎಂದರೆ ಸೆಕೆಂಡಿಗೆ 16 ಮೀಟರ್. ಎಂಟು ಮೀಟರ್ ದೂರದ ಕಬ್ಬಿನ ಸಾಲಿನಿಂದ ಹಾರಿದರೆ ಅರ್ಧ ಸೆಕೆಂಡಿನಲ್ಲಿ ಮೈಮೇಲಿರುತ್ತದೆ. ಕಂಡುದನ್ನು ಮನಸ್ಸು ಗ್ರಹಿಸಿ ಕೈ ಅಲುಗುವುದಕ್ಕೇ ಕಾಲು ಸೆಕೆಂಡು ಕಳೆದಿರುತ್ತದೆ. ಉದ್ದನೆಯ ಕೋವಿಯನ್ನು ಭುಜಕ್ಕೇರಿಸಲು ಉಳಿದುದು ಸಾಲದು. ಅದೂ ಚಿರತೆ ಎದುರಿನಿಂದ ಬಂದರೆ. ಅದು ಸಾಮಾನ್ಯವಾಗಿ ಹೊಂಚಿ, ಹಿಂದಿನಿಂದ ಎರಗುವ ಪ್ರಾಣಿ. ಕೇಪು ಮೊಲೆಯ ಮೇಲಿದ್ದರೂ ಫಲ ಅದೇ. ಜೀವರಕ್ಷಣೆಗಾಗಿ ಸದುದ್ದೇಶದಿಂದ ವನ್ಯಮೃಗವನ್ನು ಕೊಂದುದು ಅಪರಾಧವಲ್ಲವೆಂದು 1972ರ ವನ್ಯಜೀವಿ ಕಾಯಿದೆ ಹೇಳುತ್ತದೆ. ಆದರೆ ಕಾಯಿದೆ ಕೊಡುವ ಅವಕಾಶವನ್ನು ಗಡಿಯಾರ ಕೊಡುವುದಿಲ್ಲ. ಗುಂಪಾಗಿ ನಡೆಯುವುದು, ಬೆಳಕು, ಸದ್ದು, ಮನೆಯ ಸುತ್ತಲ ಪೊದೆ ಕಡಿಯುವುದು ಇವೇ ಅಲ್ಲಿ ಹೆಚ್ಚು ಪ್ರಯೋಜನಕರ.

ಕೇಪು ತೆಗೆದಮೇಲೂ ಅದರ ಮದ್ದಿನ ಕಣಗಳು ಮೊಲೆಗೆ ಅಂಟಿ ಉಳಿಯಬಹುದು. ಅದನ್ನು ಒರೆಸಿ, ಒಂದು ತುಂಡು ತೊಗಲನ್ನು ಕುದುರೆಯ ಕೆಳಗಿಡುವುದು ಒಳ್ಳೆಯದು. ಬೆಳಗಾದ ಮೇಲೆ ನಳಿಗೆಯನ್ನು ಖಾಲಿ ಮಾಡದೆ ಗೋಡೆಗೆ ತೂಗುಹಾಕುವುದಂತೂ ಕೂಡದು. ಒಣಗಿದ ಕರಿಮದ್ದು ಕಾಲಾಂತರದಲ್ಲಿ ಸತ್ತುಹೋಗುವುದೆಂಬ ನಂಬಿಕೆ ಸುಳ್ಳು. 1865ರಲ್ಲಿ ಮುಗಿದ ಅಮೆರಿಕದ ಅಂತರ್ಯುದ್ಧದ ಫಿರಂಗಿ ಗುಂಡೊಂದು 2008ರಲ್ಲಿ, ಅದನ್ನು ಶುಚಿಗೊಳಿಸುತ್ತಿದ್ದ ವರ್ಜೀನಿಯದ ಸಂಗ್ರಾಹಕನೊಬ್ಬನ ಕೈಯಲ್ಲಿ ಸಿಡಿದು ಅವನನ್ನು ಕೊಂದಿತು.