ಹುರಿಹಿಟ್ಟಿನ ಲೆಕ್ಕ



ಊಟದ ಬದಲು ಕುಡಿಯಬಹುದೆಂದು ಮಾರುವ ಡಬ್ಬಿಯ ಪುಡಿಗಳಿಗೆ ಹಣ ಸುರಿಯುವ ಮೊದಲು, ಪೇಯವೊಂದು ಒಂದು ಹೊತ್ತಿನ ಊಟವೆನಿಸಿಕೊಳ್ಳಲು ಅದರಲ್ಲಿ ಏನೇನಿರಬೇಕೆಂಬುದನ್ನು ಬೆಳಗಿನ ತಿಂಡಿಗೆ ಪುರಸೊತ್ತಿಲ್ಲದೆ ಕೆಲಸಕ್ಕೆ ಹೊರಡುವ ಕಿರಿಯರು ಅರಿತಿರುವುದು ಒಳ್ಳೆಯದು. ಹಾಲಿಗೆ ಬೆರೆಸುವ ಸಿಹಿ ಪುಡಿಗಳನ್ನು ‘ಆರೋಗ್ಯ ಪೇಯ’ಗಳ ಪಟ್ಟಿಯಿಂದ ತೆಗೆಯಬೇಕೆಂದು ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿದ್ದು, 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥದೊಂದು ವರ್ಗವೇ ಇಲ್ಲವೆಂಬ ಕಾರಣಕ್ಕೆ. ಹೆಸರಿಗಿಂತ ಒಳಗಿನ ಪದಾರ್ಥವನ್ನು ನೋಡುವುದೇ ಲೇಸು.

ಧಾನ್ಯಗಳ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ, ಎಂದರೆ ಪ್ರೋಟೀನು ಯಾವ ಘಟಕಗಳಿಂದ ಆಗಿದೆಯೋ ಅವುಗಳಲ್ಲೊಂದು, ಕಡಿಮೆಯಿದ್ದು ಬೇಳೆಕಾಳುಗಳಲ್ಲಿ ಧಾರಾಳವಾಗಿರುವುದರಿಂದ, ಎರಡನ್ನೂ ಬೆರೆಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗಾಗಿ ರೂಪಿಸಿದ ‘ಹೈದರಾಬಾದ್ ಮಿಕ್ಸ್’ ಇದೇ ತತ್ತ್ವದ್ದು: ಹುರಿದ ಗೋಧಿ 40 ಗ್ರಾಂ, ಕಡಲೆ 16, ಕಡಲೆಕಾಯಿ ಬೀಜ 10, ಬೆಲ್ಲ 20 ಗ್ರಾಂ ಸೇರಿ ಸುಮಾರು 330 ಕಿಲೊಕ್ಯಾಲರಿ ಶಕ್ತಿಯನ್ನೂ 11 ಗ್ರಾಂ ಪ್ರೋಟೀನನ್ನೂ ಕೊಡುತ್ತವೆ.

ಗೋಧಿಯ ಜಾಗದಲ್ಲಿ ರಾಗಿಯನ್ನಿಟ್ಟರೆ, ಅದರ 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಇರುವ ಕ್ಯಾಲ್ಸಿಯಂ ಹೆಚ್ಚುವರಿ ಲಾಭ. ಆದರೆ ಹಸಿ ರಾಗಿಹಿಟ್ಟನ್ನು ತಣ್ಣನೆಯ ಹಾಲಿಗೆ ಕಲಸಿ ಕುಡಿಯುವಂತಿಲ್ಲ, ಬೇಯದ ಪಿಷ್ಟ ಸುಲಭವಾಗಿ ಅರಗುವುದಿಲ್ಲ. ಹಳೇ ಮೈಸೂರಿನ ಅಡುಗೆಮನೆಗಳು ಇದಕ್ಕೆ ಕಂಡುಕೊಂಡ ಪರಿಹಾರವೇ ಹುರಿಹಿಟ್ಟು. ತೊಳೆದ ರಾಗಿಗೆ ನೀರನ್ನೋ ಮಜ್ಜಿಗೆಯನ್ನೋ ಚಿಮುಕಿಸಿ ಇರುಳಿಡೀ ಮುಚ್ಚಿಟ್ಟು, ಮರುದಿನ ಚೆನ್ನಾಗಿ ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಿ ಕೈಬಿಡದೆ ಆಡಿಸಿದರೆ, ಕಾಳಿನೊಳಗಿನ ತೇವ ಆವಿಯಾಗಿ ಪಿಷ್ಟವನ್ನು ಬೇಯಿಸುತ್ತಲೇ ಕಾಳನ್ನು ಅರಳಿಸುತ್ತದೆ. ಆ ಅರಳನ್ನು ಬೀಸಿದಾಗ ದೊರೆಯುವ ಘಮಘಮಿಸುವ ಹಿಟ್ಟಿಗೆ ಮತ್ತೆ ಒಲೆಯ ಹಂಗಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಮಾಡುವ ರಾಗಿ ಮಾಲ್ಟ್ ಬೇರೆಯೇ ಬಗೆಯದು. ಅದರಲ್ಲಿ ಖನಿಜಗಳ ಹೀರಿಕೆಗೆ ಅಡ್ಡಬರುವ ಫೈಟೇಟ್ ಎಂಬ ಸಂಯುಕ್ತ ಕಡಿಮೆಯಾಗುತ್ತದಾದರೂ, ಅದನ್ನು ಕುದಿಸಿಯೇ ಕುಡಿಯಬೇಕಾದುದರಿಂದ ಅವಸರದ ಬೆಳಗಿಗೆ ಹುರಿಹಿಟ್ಟೇ ಮೇಲು.

ಒಂದು ಹೊತ್ತಿಗೆ ಹುರಿಹಿಟ್ಟು 40 ಗ್ರಾಂ, ಹುರಿಗಡಲೆ ಪುಡಿ 20, ಹುರಿದ ಕಡಲೆಕಾಯಿ ಬೀಜದ ಪುಡಿ 10, ಬೆಲ್ಲ 15 ಗ್ರಾಂ, ಕಾಯಿಸಿ ಆರಿಸಿದ ಹಾಲು 200 ಮಿಲಿಲೀಟರ್ ತೆಗೆದುಕೊಂಡರೆ ಸುಮಾರು 430 ಕಿಲೊಕ್ಯಾಲರಿ ಶಕ್ತಿಯೂ 16 ಗ್ರಾಂ ಪ್ರೋಟೀನೂ ಲೋಟಕ್ಕೆ ಬೀಳುತ್ತವೆ. ಮೊದಲು ಸ್ವಲ್ಪವೇ ಹಾಲಿನಲ್ಲಿ ಪುಡಿಯನ್ನು ಕಲಸಿಕೊಂಡು ಉಳಿದುದನ್ನು ಆಮೇಲೆ ಸುರಿದರೆ ಗಂಟಾಗುವುದಿಲ್ಲ. ಈ ಸಾಮಗ್ರಿಗಳೆಲ್ಲ ಬೀದಿಯ ದಿನಸಿ ಅಂಗಡಿಯಲ್ಲೇ ಸಿಗುವಂಥವಾಗಿದ್ದು, ಇವುಗಳಲ್ಲಿ ಹೆಚ್ಚಿನ ಖರ್ಚು ಹಾಲಿನದೇ.

ಕಡಲೆಕಾಯಿ ಬೀಜದ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಬೂಸ್ಟು ಹಿಡಿದ, ಮುರುಟಿದ ಬೀಜಗಳಲ್ಲಿ ಅಫ್ಲಟಾಕ್ಸಿನ್ ಎಂಬ ಶಿಲೀಂಧ್ರ ವಿಷವಿರಬಹುದಾಗಿದ್ದು, ಮನೆಯಲ್ಲಿ ಹುರಿದ ಮಾತ್ರಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲವಾದ್ದರಿಂದ ಅಂಥವನ್ನು ಆರಿಸಿ ಎಸೆಯಬೇಕು. ಎಣ್ಣೆಯಂಶವಿರುವ ಈ ಬೀಜದ ಪುಡಿ ಬೇಗ ಕಮಟುವುದರಿಂದ ವಾರಕ್ಕಾಗುವಷ್ಟನ್ನೇ ಮಾಡಿ ಬೇರೆ ಡಬ್ಬಿಯಲ್ಲಿಡುವುದು ಕ್ಷೇಮ.

ಇಷ್ಟಾದರೂ ಈ ಲೋಟದಲ್ಲಿ ಸಿ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಸೀಬೆಹಣ್ಣೋ ನೆಲ್ಲಿಕಾಯಿಯೋ ಜೊತೆಗಿರಬೇಕು. ಅಗಿಯದೆ ಕುಡಿದದ್ದು ತಿಂದಷ್ಟು ಹೊತ್ತು ಹಸಿವನ್ನು ತಡೆಯದಿರುವುದೂ ಉಂಟು. ದಿನಕ್ಕೆ ಒಂದು ಹೊತ್ತಿಗೆ, ಅದೂ ತಪ್ಪಿಹೋಗುತ್ತಿದ್ದ ತಿಂಡಿಗೆ ಬದಲಾಗಿ ಇದನ್ನು ಕುಡಿದು, ಮಧ್ಯಾಹ್ನ ಸೊಪ್ಪು, ಹುಳಿ, ಪಲ್ಯಗಳ ಊಟವನ್ನು ಬಿಡದಿರುವುದು ಉಚಿತ. ಸಕ್ಕರೆ ಕಾಯಿಲೆಯುಳ್ಳವರು ಬೆಲ್ಲವನ್ನು ಬಿಟ್ಟು, ನುಣ್ಣನೆಯ ಹಿಟ್ಟೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆಂಬುದನ್ನು ಗಮನದಲ್ಲಿಟ್ಟು, ವೈದ್ಯರನ್ನು ಕೇಳಿಯೇ ಅಳತೆಯನ್ನು ಗೊತ್ತುಮಾಡಿಕೊಳ್ಳತಕ್ಕದ್ದು.