ಚಿತ್ರವಿದ್ಯೆಯ ವ್ಯಾಸಂಗ ಮತ್ತು ಜೀವನೋಪಾಯ

ಪ್ರಾಚೀನರು ಅರವತ್ತನಾಲ್ಕು ಕಲೆಗಳನ್ನು ಎಣಿಸುವಾಗ ಗೀತ, ವಾದ್ಯ, ನೃತ್ಯಗಳ ಬೆನ್ನಿಗೇ ಆಲೇಖ್ಯವನ್ನು, ಎಂದರೆ ಚಿತ್ರರಚನೆಯನ್ನು ಇರಿಸಿದರು. ಇಂತಹ ಮಾನ್ಯವಿದ್ಯೆಯನ್ನು ಮಗನಾಗಲಿ ಮಗಳಾಗಲಿ ಅಭ್ಯಸಿಸಲು ಬಯಸಿದೊಡನೆ, “ಚಿತ್ರ ತೆಗೆದರೆ ಹೊಟ್ಟೆ ತುಂಬೀತೇ?” ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ. ಜಮಖಂಡಿ, ಬೀಳಗಿಗಳ ಕಬ್ಬಿನ ಹೊಲವನ್ನು ನಂಬಿದ ಒಕ್ಕಲಿಗನಿಗೂ, ರಬಕವಿ-ಬನಹಟ್ಟಿಯ ಮಗ್ಗದ ಮಜೂರಿಯನ್ನು ನಂಬಿದ ನೇಕಾರನಿಗೂ ಈ ಪ್ರಶ್ನೆ ಸಹಜವಾದುದು. ಅದನ್ನು ಅರಸಿಕತೆಯೆಂದು ಹಳಿಯುವುದು ಸಲ್ಲದು, ವಿಚಾರಪೂರ್ವಕವಾಗಿ ಉತ್ತರಿಸಬೇಕು.

ಮುಧೋಳವು ಕವಿಚಕ್ರವರ್ತಿ ರನ್ನನ ಜನ್ಮಭೂಮಿ. ಬಳೆಗಾರರ ಮನೆತನದಲ್ಲಿ ಕ್ರಿ. ಶ. 949ರಲ್ಲಿ ಹುಟ್ಟಿದ ಆತನು ಕುಲವೃತ್ತಿಯಲ್ಲಿಯೇ ನಿಲ್ಲದೆ, ವಿದ್ಯೆಯನ್ನರಸಿ ದೂರದ ಶ್ರವಣಬೆಳಗೊಳಕ್ಕೆ ತೆರಳಿ ಅಜಿತಸೇನಾಚಾರ್ಯರ ಶಿಷ್ಯನಾದನು. ಮುಂದೆ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಮನ್ನಣೆ ಪಡೆದನು. ಒಲವು, ಗುರು, ಪರಿಶ್ರಮ, ಆಶ್ರಯ ಈ ನಾಲ್ಕೂ ಕೂಡಿದಾಗ ವಿದ್ಯೆ ಫಲಿಸಿತು. ಚಿತ್ರವಿದ್ಯೆಗೂ ಇದೇ ನ್ಯಾಯ. ಅಂದು ಆಶ್ರಯವಿತ್ತವರು ಅರಸರು. ಇಂದು ಸಮಾಜ ಮತ್ತು ಉದ್ಯಮಗಳು.

ಗುರುವಿನ ಕೊರತೆ ಈಗ ಹಿಂದಿನಷ್ಟಿಲ್ಲ. ಒಂದು ಕಾಲಕ್ಕೆ 1857ರಲ್ಲಿ ಸ್ಥಾಪಿತವಾದ ಮುಂಬಯಿಯ ಜೆ. ಜೆ. ಕಲಾಶಾಲೆಯೇ ಈ ಸೀಮೆಯ ಕಲಾಪಿಪಾಸುಗಳಿಗೆ ಗತಿಯಾಗಿತ್ತು. ತರುವಾಯ ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರೂ ಗದಗಿನಲ್ಲಿ ಟಿ. ಪಿ. ಅಕ್ಕಿಯವರೂ ಕಲಾಶಾಲೆಗಳನ್ನು ಕಟ್ಟಿ ಬೆಳೆಸಿದರು. ಬಾದಾಮಿಯಲ್ಲಿ ಜನಿಸಿದ ಆರ್. ಎಂ. ಹಡಪದರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಸ್ಥಾಪಿಸಿ ಅನೇಕ ಶಿಷ್ಯರನ್ನು ರೂಪಿಸಿದರು. ಇಂದು ಪದವಿಪೂರ್ವ ಶಿಕ್ಷಣ ಮುಗಿಸಿದವರಿಗೆ ನಾಲ್ಕು ವರ್ಷಗಳ ದೃಶ್ಯಕಲಾ ಪದವಿ, ಅನಂತರ ಎರಡು ವರ್ಷಗಳ ಸ್ನಾತಕೋತ್ತರ ಪದವಿ ಉಂಟು. ದಾವಣಗೆರೆ, ಕಲಬುರಗಿ, ಮೈಸೂರು, ಬೆಂಗಳೂರುಗಳಲ್ಲಿ ಇದರ ವ್ಯಾಸಂಗಕ್ಕೆ ಅನುಕೂಲವಿದೆ. ಮೊದಲಿಗೆ ರೇಖೆ, ವರ್ಣ, ಆಕಾರಗಳ ಸಾಮಾನ್ಯ ಅಭ್ಯಾಸ. ಬಳಿಕ ವರ್ಣಚಿತ್ರ, ಶಿಲ್ಪ, ಮುದ್ರಣಕಲೆ, ಅನ್ವಯಿಕ ಕಲೆ ಇವುಗಳಲ್ಲೊಂದರ ವಿಶೇಷಾಧ್ಯಯನ. ಕಲೆಯ ಇತಿಹಾಸವೂ ಪಠ್ಯದ ಅಂಗವೇ. ಪ್ರೌಢಶಾಲೆಯಲ್ಲಿರುವಾಗಲೇ ಲೋವರ್ ಮತ್ತು ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳಿಗೆ ಕುಳಿತ ವಿದ್ಯಾರ್ಥಿಗೆ ತನ್ನ ಕೈಯ ಬಲವೆಷ್ಟೆಂಬುದು ತಿಳಿದಿರುತ್ತದೆ.

ಇನ್ನು ಜೀವನೋಪಾಯದ ಮಾತು. ಚಿತ್ರಕಲಾ ಶಿಕ್ಷಕ ಹಾಗೂ ಉಪನ್ಯಾಸಕ ವೃತ್ತಿಗಳು ಎಲ್ಲರಿಗೂ ತಿಳಿದವು. ಪುಸ್ತಕ-ಪತ್ರಿಕೆಗಳ ಚಿತ್ರಣ, ಜಾಹೀರಾತು, ರಂಗಸಜ್ಜಿಕೆ, ಚಲಚ್ಚಿತ್ರದ ಕಲಾನಿರ್ದೇಶನ, ಗಣಕಯಂತ್ರದ ಮೂಲಕ ಚಲಿಸುವ ಚಿತ್ರಗಳ ರಚನೆ, ವಸ್ತುಸಂಗ್ರಹಾಲಯದ ಸೇವೆ ಇವು ಬೇರೆ ದಾರಿಗಳು. ಕ್ರಿ. ಶ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯಲ್ಲಿ ಮಾಸಿಹೋಗುತ್ತಿರುವ ವರ್ಣಚಿತ್ರಗಳ ಅವಶೇಷಗಳಿವೆ. ಅಂತಹವನ್ನು ಕಾಪಾಡುವ ಸಂರಕ್ಷಣಾಕಾರ್ಯಕ್ಕೆ ಬಣ್ಣವನ್ನೂ ರಸಾಯನವನ್ನೂ ಬಲ್ಲ ಕೈಗಳು ಬೇಕು.

ಇವೆಲ್ಲಕ್ಕಿಂತ ಸಮೀಪದ ದಾರಿ ಮನೆಯ ಮಗ್ಗದಲ್ಲಿಯೇ ಇದೆ. ಜಕಾರ್ಡ್ ಮಗ್ಗದಲ್ಲಿ ಸೀರೆಯ ಸೆರಗಿಗೆ ಹೂವೊಂದು ಮೂಡಬೇಕಾದರೆ, ಮೊದಲು ಅದನ್ನು ಚೌಕುಳಿ ಕಾಗದದ ಮೇಲೆ ಬರೆಯಬೇಕು. ಒಂದೊಂದು ಚೌಕವೂ ಹಾಸು-ಹೊಕ್ಕುಗಳು ಕೂಡುವ ಒಂದೊಂದು ಬಿಂದು. ಅದರಂತೆ ಪಟ್ಟಿಗೆ ರಂಧ್ರ ಹೊಡೆದಾಗಲೇ ಎಳೆಗಳು ಏಳುತ್ತವೆ. ಆ ಮೂಲಚಿತ್ರವನ್ನು ಹೊರಗಿನವರಿಂದ ಕೊಂಡು ತರುವ ನೇಕಾರನಿಗೆ ಮಜೂರಿ ಮಾತ್ರ ದಕ್ಕುತ್ತದೆ. ತಾನೇ ರಚಿಸಬಲ್ಲವನಿಗೆ ವಿನ್ಯಾಸದ ಬೆಲೆಯೂ ದಕ್ಕುತ್ತದೆ. ಆದುದರಿಂದ ನೇಕಾರನ ಮಗಳು ವಿನ್ಯಾಸ ಕಲಿತರೆ ಅದು ಕುಲಕಾಯಕವನ್ನು ತೊರೆದಂತಲ್ಲ, ಅದನ್ನು ಎತ್ತರಿಸಿದಂತೆ.

ಆದರೂ ಒಂದು ಮಾತನ್ನು ಮರೆಮಾಚಲಾಗದು. ಪದವಿಪತ್ರವೊಂದೇ ಅನ್ನವನ್ನು ತಂದುಕೊಡಲಾರದು. ಶಿಕ್ಷಕರ ಹುದ್ದೆಗಳು ಮಿತವಾಗಿವೆ. ಸ್ವತಂತ್ರ ಚಿತ್ರಕಾರನಿಗೆ ಕೀರ್ತಿಯೂ ಹಣವೂ ತಡವಾಗಿ ಬರುತ್ತವೆ, ಕೆಲವೊಮ್ಮೆ ಬಾರದೆಯೂ ಇರುತ್ತವೆ. ಓದು ಕಷ್ಟವೆಂದು ಕಲೆಯನ್ನು ಆರಿಸಿಕೊಳ್ಳುವವನು ಎರಡನ್ನೂ ಕಳೆದುಕೊಳ್ಳುವನು. ಯಾರೂ ಹೇಳದಿದ್ದರೂ ನಿತ್ಯವೂ ಬರೆಯುವವನು, ತಿದ್ದಿದರೆ ಮುನಿಯದವನು, ಭಾಷೆ ಮತ್ತು ಲೆಕ್ಕಗಳನ್ನು ಅಲಕ್ಷಿಸದವನು ಈ ವಿದ್ಯೆಗೆ ಅಧಿಕಾರಿ.

ತಂದೆ-ತಾಯಿಗಳು ಮೊದಲು ಮಗುವಿನ ಚಿತ್ರದ ಹಾಳೆಗಳನ್ನು ಬಿಡಿಸಿ ನೋಡಲಿ, ಬಲ್ಲ ಶಿಕ್ಷಕರೊಬ್ಬರಿಗೆ ತೋರಿಸಲಿ, ಅನಂತರ ನಿರ್ಧರಿಸಲಿ. ಹೊಟ್ಟೆಯ ಪ್ರಶ್ನೆ ಕೇಳತಕ್ಕದ್ದೇ. ಆದರೆ ಉತ್ತರವನ್ನು ಆಲಿಸುವ ಮೊದಲೇ ಕುಂಚವನ್ನು ಕಸಿದುಕೊಳ್ಳಬಾರದು.