ನಿಶಿ ಕಸಾಯಿಯಲ್ಲಿ ರೂಮು ಹಿಡಿಯುವ ಮುನ್ನ

ಬೆಂಗಳೂರಿನಿಂದ ಐಟಿ ಕೆಲಸಕ್ಕೆ ಟೋಕಿಯೊಗೆ ಹೋಗುವ ಅನೇಕರ ಮೊದಲ ಬಿಡಾರ ಎದೊಗಾವಾ ವಾರ್ಡಿನ ನಿಶಿ ಕಸಾಯಿ. 2000ದ ಆಸುಪಾಸಿನಲ್ಲಿ ವೈ2ಕೆ ಕೆಲಸಕ್ಕೆ ಬಂದ ಭಾರತೀಯರು ಇಲ್ಲೇ ನೆಲೆಯೂರಿದ್ದರಿಂದ ದಿನಸಿ ಅಂಗಡಿ, ದೋಸೆ ಎಲ್ಲವೂ ಸಿಗುತ್ತದೆ. ಬಾಡಿಗೆ ಮನೆ ಸಿಗುವ ತನಕ ಮಾತ್ರ ಹೋಟೆಲೇ ಗತಿ. ನಿರಾಸೆ ಶುರುವಾಗುವುದೂ ಅಲ್ಲೇ.

ಮೊದಲು ರೂಮಿನ ಅಳತೆ ನೋಡಿ. ಬಿಸಿನೆಸ್ ಹೋಟೆಲಿನ ಸಿಂಗಲ್ ರೂಮು 11ರಿಂದ 15 ಚದರ ಮೀಟರ್ ಇದ್ದರೆ ಹೆಚ್ಚು. ದೊಡ್ಡ ಸೂಟ್‌ಕೇಸ್ ಎರಡನ್ನು ಒಟ್ಟಿಗೆ ಬಿಚ್ಚಿಡಲು ಜಾಗವಿರದು. ‘ಸೆಮಿ ಡಬಲ್’ ಎಂದರೆ ಸುಮಾರು 120 ಸೆಂ.ಮೀ. ಅಗಲದ ಮಂಚ. ಗಂಡ ಹೆಂಡತಿ ಇಬ್ಬರಿದ್ದರೆ ‘ಟ್ವಿನ್’ ಕೇಳಿ. ದರ ತಲೆ ಲೆಕ್ಕದಲ್ಲಿರುವುದರಿಂದ ಒಬ್ಬರ ಹೆಸರಲ್ಲಿ ಬುಕ್ ಮಾಡಿ ಇಬ್ಬರು ಮಲಗುವ ನಮ್ಮೂರ ಜಾಣತನ ಅಲ್ಲಿ ನಡೆಯದು.

ಬುಕ್ ಮಾಡುವಾಗ ‘ಕಿನ್‌ಎನ್’, ಅಂದರೆ ಧೂಮಪಾನ ನಿಷಿದ್ಧ ರೂಮನ್ನೇ ಆರಿಸಿ. ಹಳೇ ಹೋಟೆಲಿನ ‘ಕಿತ್ಸುಎನ್’ ರೂಮಿನಲ್ಲಿ ಪರದೆ, ಕಾರ್ಪೆಟ್ಟಿಗೆ ಹತ್ತಿದ ಸಿಗರೇಟ್ ವಾಸನೆ ಯಾವ ಸ್ಪ್ರೇಗೂ ಜಗ್ಗುವುದಿಲ್ಲ. ಸಸ್ಯಾಹಾರಿಗಳು ತಿಂಡಿ ಸೇರಿದ ಪ್ಯಾಕೇಜ್ ಬಿಡುವುದೇ ಲೇಸು, ಮಿಸೊ ಸೂಪಿಗೂ ಸಾಮಾನ್ಯವಾಗಿ ಮೀನಿನ ಸಾರ ಬಿದ್ದಿರುತ್ತದೆ. ಡಿಸ್ನಿಲ್ಯಾಂಡ್ ಹತ್ತಿರವಿರುವುದರಿಂದ ರಜೆ ದಿನಗಳಲ್ಲಿ ದರ ಏರುತ್ತದೆ, ಮುಂಚೆಯೇ ಬುಕ್ ಮಾಡಿ. ಕರೆಂಟು 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಾಲು. ಅಡಾಪ್ಟರ್ ಊರಿನಿಂದಲೇ ಒಯ್ಯಿರಿ.

ಚೆಕ್ ಇನ್ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ಬೆಳಿಗ್ಗೆಯೇ ಇಳಿದವರಿಗೆ ರೂಮು ಖಾಲಿಯಿದ್ದರೂ ಕೊಡದಿರಬಹುದು. ಇದನ್ನು ಉಡಾಫೆ ಎಂದು ಸಿಟ್ಟಾಗಬೇಡಿ, ನಿಯಮ ಬಗ್ಗಿಸುವ ಅಧಿಕಾರ ಕೌಂಟರಿನ ಹುಡುಗನಿಗಿಲ್ಲ. ಲಗೇಜು ಅಲ್ಲಿಟ್ಟು ಊಟ ಮುಗಿಸಿ ಬನ್ನಿ.

ಕೀ ಸಿಕ್ಕ ಕೂಡಲೇ ಬಿಸಿನೀರು, ಫ್ಲಶ್, ಹಾಸಿಗೆ, ವೈಫೈ ಪರೀಕ್ಷಿಸಿ. ಕೊರತೆ ಕಂಡರೆ ಬ್ಯಾಗ್ ಬಿಚ್ಚುವ ಮೊದಲೇ ಫೋಟೊ ತೆಗೆದು ಕೆಳಗಿಳಿಯಿರಿ. ಎರಡು ರಾತ್ರಿ ಮಲಗಿ ದೂರಿದರೆ ನಗುನಗುತ್ತಲೇ ಕ್ಷಮೆ ಕೇಳುತ್ತಾರೆ, ದುಡ್ಡು ಬಿಡುವುದಿಲ್ಲ. ದನಿ ಏರಿಸಿದರೂ ಲಾಭವಿಲ್ಲ. ಮೊಬೈಲಿನಲ್ಲಿ ಜಪಾನಿ ಭಾಷೆಗೆ ಅನುವಾದಿಸಿ ತೋರಿಸಿ. ‘ಹೆಯಾ ಒ ಕಾಎತೆ ಕುದಸಾಯಿ’ ಎಂದರೆ ರೂಮು ಬದಲಿಸಿಕೊಡಿ ಎಂದರ್ಥ. ಎಸಿ ವಿಷಯದಲ್ಲಿ ಮಾತ್ರ ಇದು ಫಲಿಸದಿರಬಹುದು. ಹಳೇ ಕಟ್ಟಡಗಳಲ್ಲಿ ಋತು ನೋಡಿ ಇಡೀ ಹೋಟೆಲಿಗೆ ಬಿಸಿಗಾಳಿ ಇಲ್ಲವೇ ತಂಪುಗಾಳಿ, ಎರಡರಲ್ಲೊಂದನ್ನೇ ಬಿಡುತ್ತಾರೆ.

ಮಾತು ಮುಂದೆ ಸಾಗದಿದ್ದರೆ ಜಪಾನಿನ ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆಯ ಸಹಾಯವಾಣಿ 050-3816-2787ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಕಂಪನಿಯೇ ಬುಕ್ ಮಾಡಿದ ರೂಮಾದರೆ ಎಚ್‌ಆರ್‌ಗೆ ಫೋಟೊ ಸಮೇತ ಮೇಲ್ ಹಾಕದೆ ಗಂಟುಮೂಟೆ ಕಟ್ಟಬೇಡಿ; ರದ್ದತಿ ಶುಲ್ಕ ನಿಮ್ಮ ತಲೆಗೇ ಬಂದೀತು.